ಉಪ್ಪಿನ ಭರಣಿ ಒಸರುವಾಗ ಕಳ್ಳಿ ಗಿಡಕ್ಕೇನು ಮಾಡುವುದು?

ಪ್ರಶ್ನೆ: ನಮ್ಮದು ಪುತ್ತೂರಿನ ಹತ್ತಿರ ಒಂದು ಹಳ್ಳಿ. ಚಾವಡಿಯ ಕಿಟಕಿಯಲ್ಲಿ ಮೂರು ಕಳ್ಳಿ ಕುಂಡ ಇಟ್ಟಿದ್ದೇನೆ. ಒಂದು ಹಳದಿ ಮುಳ್ಳಿನ ಉಂಡೆ, ಒಂದು ಹಸಿರು ಕಾಂಡದ ಮೇಲೆ ಕೆಂಪು ತಲೆ ಇರುವುದು, ಇನ್ನೊಂದು ಕ್ರಿಸ್ಮಸ್ ಕಳ್ಳಿ. ಹೋದ ವರ್ಷ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಇನ್ನೊಂದು ಹಳದಿ ಉಂಡೆ ಬುಡದಿಂದ ಕೊಳೆತು ಹೋಯಿತು, ಮುಟ್ಟಿದರೆ ಹಣ್ಣಾದ ಸಪೋಟದ ಹಾಗೆ ಮೆತ್ತಗಿತ್ತು. ಈ ವರ್ಷ ಮಗಳು ಬೆಂಗಳೂರಿನಿಂದ ಗಾಳಿಯ ತೇವ ಅಳೆಯುವ ಮೀಟರ್ ತಂದುಕೊಟ್ಟಿದ್ದಾಳೆ. ಅದು ಇಡೀ ದಿನ 88, 90 ತೋರಿಸುತ್ತದೆ. ಕಳ್ಳಿಗೆ 40ರಿಂದ 50 ಇದ್ದರೆ ಸಾಕು, ಜಾಸ್ತಿಯಾದರೆ ಸಾಯುತ್ತದೆ ಅಂತ ಓದಿದೆ. ತೇವ ಹೀರುವ ಮೆಷಿನ್ ತೆಗೆದುಕೊಳ್ಳಬೇಕಾ? ಇತ್ತ ನಮ್ಮ ಅತ್ತಿಗೆ ಬೇಸಿಗೆಯಲ್ಲಿ ಮೂರಕ್ಕೂ ದಿನಾ ನೀರು ಸ್ಪ್ರೇ ಮಾಡುತ್ತಾರೆ, ಒಣ ಗಾಳಿಗೆ ಗಿಡ ಬಾಡುತ್ತದಂತೆ. ಯಾವುದು ಸರಿ?

ಉತ್ತರ: ಮೆಷಿನ್ ಬೇಡ, ಆ ದುಡ್ಡು ಉಳಿಸಿ. ಅತ್ತಿಗೆಯವರ ಸ್ಪ್ರೇ ಬಾಟಲಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೂರರಲ್ಲಿ ಒಂದು ಕುಂಡದ ಮಟ್ಟಿಗೆ ಅವರ ಮಾತಿನಲ್ಲೂ ಹುರುಳಿದೆ.

ಮೊದಲು ಆ ಮೀಟರ್ ಸುಳ್ಳು ಹೇಳುತ್ತಿದೆಯಾ ನೋಡೋಣ. ಕಡಿಮೆ ಬೆಲೆಯ ಮೀಟರ್‌ಗಳು ನಾಲ್ಕೈದು ಅಂಕ ಆಚೀಚೆ ತೋರಿಸುವುದು ಮಾಮೂಲು. ಬಾಟಲಿಯ ಮುಚ್ಚಳದಲ್ಲಿ ಒಂದು ಚಮಚ ಪುಡಿ ಉಪ್ಪು ಹಾಕಿ. ಕೆಲವು ಹನಿ ನೀರು ಬಿಡಿ. ಉಪ್ಪು ಕರಗಿ ನೀರಾಗಬಾರದು, ಒದ್ದೆ ಮರಳಿನ ಹದಕ್ಕೆ ಬಂದರೆ ಸಾಕು. ಆ ಮುಚ್ಚಳವನ್ನೂ ಮೀಟರನ್ನೂ ಒಂದು ಜಿಪ್ ಕವರಿನಲ್ಲಿಟ್ಟು ಗಾಳಿಯಾಡದಂತೆ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೀಟರ್ 75 ತೋರಿಸಬೇಕು. ಒದ್ದೆ ಉಪ್ಪಿನ ಸುತ್ತ ಮುಚ್ಚಿಟ್ಟ ಗಾಳಿ ಯಾವಾಗಲೂ ಶೇ. 75ರ ಆಸುಪಾಸಿಗೆ ಬಂದು ನಿಲ್ಲುತ್ತದೆ. 80 ತೋರಿಸಿದರೆ ನಿಮ್ಮ ಮೀಟರ್ 5 ಅಂಕ ಜಾಸ್ತಿ ಹೇಳುತ್ತದೆ ಅಂತ ಲೆಕ್ಕ.

ನಿಜ ಹೇಳಬೇಕೆಂದರೆ ನಿಮ್ಮ ಮನೆಯಲ್ಲಿ ಮೊದಲಿನಿಂದಲೂ ಒಂದು ಮೀಟರ್ ಇದ್ದೇ ಇದೆ. ಅಡುಗೆಮನೆಯ ಉಪ್ಪಿನ ಭರಣಿ. ಮಳೆಗಾಲದಲ್ಲಿ ಉಪ್ಪು ಒಸರುವುದು ಇದೇ ಕಾರಣಕ್ಕೆ. ಗಾಳಿಯ ತೇವ 75 ದಾಟಿತು ಅಂದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗಲು ಶುರು ಮಾಡುತ್ತದೆ. ಕಲ್ಲುಪ್ಪಾದರೆ ಇನ್ನೂ ಸ್ವಲ್ಪ ಮೊದಲೇ ಒಸರುತ್ತದೆ, ಅದರಲ್ಲಿ ಮೆಗ್ನೀಸಿಯಂ ಲವಣ ಸೇರಿಕೊಂಡಿರುತ್ತದೆ. ಈ ಭರಣಿಯನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬೇಕಾಗುತ್ತದೆ.

ಈಗ ನೀವು ಓದಿದ 40–50ರ ಲೆಕ್ಕ. ಮನೆಯೊಳಗೆ ಮನುಷ್ಯರಿಗೆ ಹಿತ ಅನ್ನುವ ತೇವವೂ ಹೆಚ್ಚು ಕಡಿಮೆ ಅಷ್ಟೇ. ಕಳ್ಳಿಗೂ ಅದು ಹಿತವೇ, ಇಲ್ಲ ಅನ್ನುವುದಿಲ್ಲ. ಆದರೆ ಅದನ್ನು ದಾಟಿದರೆ ಸಾಯುತ್ತದೆ ಅನ್ನುವುದು ಸರಿಯಲ್ಲ. ಕಳ್ಳಿ ಅಂದರೆ ಮರುಭೂಮಿ, ಮರುಭೂಮಿ ಅಂದರೆ ಹಗಲೂ ರಾತ್ರಿ ಒಣ ಗಾಳಿ ಅಂತ ನಾವು ಅಂದುಕೊಂಡಿದ್ದೇವೆ, ಅಲ್ವಾ? ಮರುಭೂಮಿಯ ಮಧ್ಯಾಹ್ನ 38 ಡಿಗ್ರಿ ಬಿಸಿ, ತೇವ ಶೇ. 15 ಅಂತಿಟ್ಟುಕೊಳ್ಳಿ. ರಾತ್ರಿ ಅದೇ ಗಾಳಿ 20 ಡಿಗ್ರಿಗೆ ಇಳಿದರೆ, ಒಂದು ಹನಿ ನೀರು ಸೇರದೆಯೂ ಮೀಟರ್ 40ರ ಮೇಲೆ ತೋರಿಸುತ್ತದೆ. ತಂಪಾದ ಗಾಳಿಗೆ ನೀರು ಹಿಡಿದಿಡುವ ಶಕ್ತಿ ಕಡಿಮೆ, ಹಾಗಾಗಿ ಇದ್ದ ನೀರೇ ಜಾಸ್ತಿಯಾಗಿ ಕಾಣುತ್ತದೆ. ಚಿಲಿ ದೇಶದ ಕರಾವಳಿಗೆ ಹೋದರೆ ಇನ್ನೂ ಮಜಾ. ಅಟಕಾಮ ಮರುಭೂಮಿ ಸಮುದ್ರಕ್ಕೆ ಬಂದು ಮುಟ್ಟುವ ಕಡೆ ವರ್ಷಕ್ಕೆ ಕೆಲವೇ ಮಿಲಿಮೀಟರ್ ಮಳೆ. ಆದರೆ ಸಮುದ್ರದಿಂದ ದಟ್ಟ ಮಂಜು ಏಳುತ್ತದೆ, ಅಲ್ಲಿಯವರು ಅದಕ್ಕೆ 'ಕಮಾಂಚಾಕ' ಅನ್ನುತ್ತಾರೆ. ಕೋಪಿಯಾಪೋವ ಅನ್ನುವ ಬೂದುಬಣ್ಣದ ಕಳ್ಳಿಗಳು ಆ ಮಂಜಿನಲ್ಲೇ ಬದುಕು ಕಳೆಯುತ್ತವೆ. ಗಾಳಿ ಒದ್ದೆ, ನೆಲ ಮಾತ್ರ ಒಣ ಕಲ್ಲು.

ಅಷ್ಟು ದೂರ ಯಾಕೆ, ನಿಮ್ಮ ಅಂಗಳದಲ್ಲೋ ಪಕ್ಕದ ಮನೆಯಲ್ಲೋ ಬ್ರಹ್ಮಕಮಲ ಇದ್ದೇ ಇರುತ್ತದೆ. ರಾತ್ರಿ ಹತ್ತರ ಮೇಲೆ ಅರಳಿ ಬೆಳಗಾಗುವಷ್ಟರಲ್ಲಿ ಬಾಡುವ ಆ ಬಿಳಿ ಹೂವು. ಹೂ ಬಿಟ್ಟ ದಿನ ನೆರೆಕರೆಯವರನ್ನೆಲ್ಲ ಕರೆದು ತೋರಿಸುತ್ತಾರಲ್ಲ, ಅದು ಕಳ್ಳಿ. ಮೆಕ್ಸಿಕೊ ಕಡೆಯ ಕಾಡಿನಿಂದ ಬಂದದ್ದು. ಹಿಮಾಲಯದ ಬ್ರಹ್ಮಕಮಲಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮಳೆಗಾಲ ಪೂರ್ತಿ 90ರ ಗಾಳಿಯಲ್ಲಿ ನಿಂತು ಎಲೆಯಿಂದ ಎಲೆ ಚಿಗುರಿಸುತ್ತದೆ. ಡ್ರ್ಯಾಗನ್ ಫ್ರೂಟ್ ಕೂಡ ಕಳ್ಳಿಯೇ. ಹಾಗಾಗಿ ಒದ್ದೆ ಗಾಳಿಯೊಂದೇ ಕಳ್ಳಿಯನ್ನು ಕೊಲ್ಲುವುದಿಲ್ಲ.

ಹಾಗಾದರೆ ಹೋದ ವರ್ಷ ನಿಮ್ಮ ಹಳದಿ ಉಂಡೆಯನ್ನು ಕೊಂದದ್ದು ಯಾವುದು?

ಆಟಿ ತಿಂಗಳಲ್ಲಿ ಬಟ್ಟೆ ಒಣಗಿಸುವ ಪಾಡು ನಿಮಗೆ ನಾನು ಹೇಳಬೇಕಾಗಿಲ್ಲ. ಕುಂಡದ ಮಣ್ಣು ಕೂಡ ಹಾಗೆಯೇ ಒಂದು ಒದ್ದೆ ಬಟ್ಟೆ. ಗಾಳಿಯ ತೇವ 40 ಇದ್ದರೆ ಅದು ತುಂಬಲು ಇನ್ನೂ 60 ಬಾಕಿ ಇದೆ. 90 ಇದ್ದರೆ ಬಾಕಿ 10 ಮಾತ್ರ. ಬಿಸಿ ಅಷ್ಟೇ ಇದ್ದರೆ ಮಣ್ಣಿನ ನೀರು ಆರುವ ವೇಗ ಸುಮಾರು ಆರನೇ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ ಮಾರ್ಚ್‌ನಲ್ಲಿ ನಾಲ್ಕು ದಿನದಲ್ಲಿ ಒಣಗುತ್ತಿದ್ದ ಕುಂಡ ಜುಲೈನಲ್ಲಿ ಮೂರು ವಾರ ಒದ್ದೆಯಾಗಿಯೇ ಕೂತಿರುತ್ತದೆ. ಅದರ ಮೇಲೆ ಮೋಡ, ಬಿಸಿಲಿಲ್ಲ, ಕಿಟಕಿ ಮುಚ್ಚಿದ್ದರಿಂದ ಗಾಳಿಯೂ ಆಡುವುದಿಲ್ಲ. ಗಿಡವೂ ಬೆಳೆಯುವುದನ್ನು ನಿಲ್ಲಿಸಿ ಸುಮ್ನೆ ಕೂತಿರುವುದರಿಂದ ನೀರು ಕುಡಿಯುವುದಿಲ್ಲ. ನಾವು ಮಾತ್ರ 'ವಾರಕ್ಕೊಂದು ಸಲ ಅರ್ಧ ಲೋಟ' ಅನ್ನುವ ಲೆಕ್ಕ ಬಿಡುವುದಿಲ್ಲ.

ಮೂರು ವಾರ ಒದ್ದೆ ಮಣ್ಣಿನಲ್ಲಿ ಬೇರಿಗೆ ಉಸಿರು ಕಟ್ಟುತ್ತದೆ, ಸತ್ತ ಬೇರಿನ ಮೂಲಕ ಶಿಲೀಂಧ್ರ ಒಳಗೆ ಹೋಗುತ್ತದೆ. ಅಡಿಕೆ ತೋಟದವರಿಗೆ ಕೊಳೆರೋಗ ಗೊತ್ತು. ಅದನ್ನು ತರುವ ಫೈಟಾಫ್ತೊರ ಅನ್ನುವ ರೋಗಾಣುವಿನ ಬಂಧುಗಳೇ ಕಳ್ಳಿಯ ಬುಡವನ್ನೂ ಕೊಳೆಸುತ್ತವೆ, ಫ್ಯುಸೇರಿಯಂ ಅನ್ನುವ ಶಿಲೀಂಧ್ರವೂ ಜೊತೆಗಿದೆ. ಗಾಳಿಯ ತೇವ ನೇರವಾಗಿ ಕೊಲ್ಲುವುದಿಲ್ಲ ನಿಜ, ಆದರೆ ಮಣ್ಣು ಒಣಗದಂತೆ ಅದೇ ತಡೆಯುತ್ತದೆ. ಆದ್ದರಿಂದ ಮೀಟರ್ ನೋಡಿ ಗಾಳಿ ಒಣಗಿಸಲು ಹೊರಡುವ ಬದಲು ಕುಂಡ ನೋಡಿ ಮಣ್ಣು ಒಣಗಿಸುವುದು ಸುಲಭ, ಖರ್ಚೂ ಇಲ್ಲ.

ಕುಂಡ ಅಂದಾಗ ನರ್ಸರಿಯವರ ಒಂದು ಅಭ್ಯಾಸ ಹೇಳಲೇಬೇಕು. ಕೆಲವು ವರ್ಷದ ಹಿಂದೆ ಒಂದು ನರ್ಸರಿಯಿಂದ ಅಂಗೈ ಅಗಲದ ಒಂದು ಉಂಡೆ ತಂದಿದ್ದೆ. ಮೇಲೆ ಬಿಳಿ ಕಲ್ಲು ಹರಡಿ ಚಂದ ಮಾಡಿದ್ದರು. ಎರಡು ವಾರ ನೀರು ಹಾಕಲಿಲ್ಲ, ಆದರೂ ಕುಂಡ ಭಾರ. ಕಲ್ಲು ತೆಗೆಯಲು ಹೋದರೆ ಬರುತ್ತಿಲ್ಲ, ಅಂಟು ಹಾಕಿ ಕೂರಿಸಿದ್ದರು. ಚಾಕುವಿನಿಂದ ಎಬ್ಬಿಸಿ ಗಿಡವನ್ನು ಹೊರಗೆ ತೆಗೆದೆ. ಮೇಲೆ ಒಂದು ಇಂಚು ಒಣಗಿದ ಕೋಕೊಪೀಟ್ (ತೆಂಗಿನ ನಾರಿನ ಪುಡಿ), ಅದರ ಕೆಳಗೆ ಹಿಂಡಿದರೆ ನೀರು ಬರುವ ಕಪ್ಪು ಮುದ್ದೆ. ಆ ಮುದ್ದೆಯ ನಡುವೆ, ಬೇರಿನ ಬುಡದಲ್ಲಿ, ಸಸಿ ಇದ್ದಾಗ ಹಾಕಿದ್ದ ಪುಟ್ಟ ಬಲೆಯ ಬುಟ್ಟಿ ಹಾಗೇ ಇತ್ತು. ಅದರೊಳಗಿನ ಬೇರುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು, ಎಳೆದರೆ ಸಿಪ್ಪೆ ಕಳಚಿ ಕೂದಲಿನಂಥ ಎಳೆ ಮಾತ್ರ ಕೈಗೆ ಬಂತು. ಆ ಗಿಡ ಉಳಿಯಲಿಲ್ಲ. ಕೋಕೊಪೀಟ್ ಹಗುರ, ಸಾಗಿಸಲು ಸುಲಭ, ಹಾಗಾಗಿ ಮಾರುವವರಿಗೆ ಅದೇ ಬೇಕು. ತನ್ನ ತೂಕದ ಎಷ್ಟೋ ಪಟ್ಟು ನೀರು ಹಿಡಿಯುತ್ತದೆ. ಬಳ್ಳಾರಿಯ ಬಿಸಿಲಿಗೆ ಹೇಗೋ ನಡೆದೀತು. ಪುತ್ತೂರಿನ ಮಳೆಗಾಲಕ್ಕೆ ಅದು ವಿಷ.

ನಿಮ್ಮ ಹಳದಿ ಉಂಡೆಯನ್ನೂ ಕೆಂಪು ತಲೆಯದನ್ನೂ ಕುಂಡದಿಂದ ಒಮ್ಮೆ ಹೊರಗೆ ತೆಗೆದು ನೋಡಿ. ಮುಳ್ಳಿಗೆ ಹಳೆಯ ಪೇಪರನ್ನು ಪಟ್ಟಿ ಮಾಡಿ ಸುತ್ತಿ ಹಿಡಿದರೆ ಕೈಗೆ ಚುಚ್ಚುವುದಿಲ್ಲ. ಕೋಕೊಪೀಟ್ ಇದ್ದರೆ ಬೇರಿನಿಂದ ಆದಷ್ಟು ಉದುರಿಸಿ, ನಾಲ್ಕು ದಿನ ನೆರಳಿನಲ್ಲಿ ಹಾಗೇ ಬಿಟ್ಟು, ಆಮೇಲೆ ಮಣ್ಣಿನ ಕುಂಡಕ್ಕೆ ಹಾಕಿ. ಒಂದು ಪಾಲು ತೋಟದ ಮಣ್ಣು ಅಥವಾ ಹಳೆಯ ಗೊಬ್ಬರಕ್ಕೆ ಎರಡು ಪಾಲು ಕಾಳುಕಾಳಾದದ್ದು ಬೇಕು. ಮೆಣಸಿನ ಕಾಳಿನ ಗಾತ್ರದ ಇಟ್ಟಿಗೆ ಚೂರು, ಜಲ್ಲಿಯ ಸಣ್ಣ ಚೂರು, ಸಿಕ್ಕರೆ ಪ್ಯೂಮಿಸ್ ಅನ್ನುವ ಹಗುರವಾದ ತೂತು ತೂತಿನ ಕಲ್ಲು. ಹಳೆಯ ಹಂಚು ಒಡೆದು ಜರಡಿ ಹಿಡಿದರೂ ಆಯಿತು, ನಿಮ್ಮ ಕಡೆ ಅದಕ್ಕೇನು ಬರವೇ! ಎಂ-ಸ್ಯಾಂಡ್ ಬಳಸುವುದಾದರೆ ತೊಳೆದು ಧೂಳು ಹೋದ ಮೇಲೆ ಬಳಸಿ, ಇಲ್ಲದಿದ್ದರೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಪ್ಲಾಸ್ಟಿಕ್ ಕುಂಡದ ಗೋಡೆಯಿಂದ ನೀರು ಆರುವುದಿಲ್ಲ. ಬಣ್ಣ ಬಳಿಯದ ಮಣ್ಣಿನ ಕುಂಡದಲ್ಲಿ ಸುತ್ತಲಿನಿಂದಲೂ ಆರುತ್ತದೆ. ಮಳೆ ಹಿಡಿದಿದ್ದರೆ ಈ ಕೆಲಸಕ್ಕೆ ಎರಡು ದಿನ ಹೊಳವು ಬರುವವರೆಗೆ ಕಾಯಿರಿ. ಆದರೆ ಬುಡ ಮೆತ್ತಗಾಗಿದೆ ಅನ್ನಿಸಿದರೆ ಕಾಯಬೇಡಿ.

ನೀರು ಎಷ್ಟು ದಿನಕ್ಕೊಮ್ಮೆ ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಈ ಎರಡು ಕುಂಡಗಳಿಗೆ ದಿನ ಎಣಿಸಬೇಡಿ, ತೂಕ ನೋಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಪೂರ್ತಿ ಒಣಗಿದಾಗ ಕುಂಡವನ್ನು ತೂಗಿ, ತೂಕವನ್ನು ಪೆನ್ಸಿಲ್‌ನಲ್ಲಿ ಕುಂಡದ ಮೇಲೇ ಬರೆದಿಡಿ. 620 ಗ್ರಾಂ ಅಂತಿಟ್ಟುಕೊಳ್ಳಿ. ನೀರು ಹಾಕಿ ಬಸಿದ ಮೇಲೆ 780 ಆಯಿತು. ಅದು ಮತ್ತೆ 620ಕ್ಕೆ ಇಳಿಯುವವರೆಗೆ ಒಂದು ಹನಿಯೂ ಬೇಡ, ಇಳಿದ ಮೇಲೂ ಇನ್ನೊಂದು ವಾರ ಸುಮ್ಮನಿರಿ. ಮಳೆಗಾಲದಲ್ಲಿ ಇದು ಯಾವ ಕ್ಯಾಲೆಂಡರಿಗೂ ಸಿಗುವುದಿಲ್ಲ.

ಚೆಂಡಿನ ಗಾತ್ರ ದಾಟಿದ ಹಳದಿ ಉಂಡೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮಲ್ಲಿ ನೀರೇ ಬೇಕಾಗಲಿಕ್ಕಿಲ್ಲ. ಏಣುಗಳು ಸ್ವಲ್ಪ ಒಳಗೆ ಸೇದಿಕೊಂಡರೆ ಹೆದರಬೇಡಿ, ಅದು ಹಾರ್ಮೋನಿಯಂ ತಿದಿಯ ಹಾಗೆ, ನೀರು ಸಿಕ್ಕಾಗ ಮತ್ತೆ ಉಬ್ಬುತ್ತದೆ. ಈ ಗಿಡದ ಊರು ಮೆಕ್ಸಿಕೊದ ಕೆರೆತಾರೊ, ಇದಾಲ್ಗೊ ರಾಜ್ಯಗಳ ಕಣಿವೆಗಳು. ಕಡಿದಾದ ಸುಣ್ಣಕಲ್ಲಿನ ಬಂಡೆಗೆ ಅಂಟಿಕೊಂಡು ಬೆಳೆಯುತ್ತದೆ, ಬಿದ್ದ ಮಳೆ ಅರೆಗಳಿಗೆ ನಿಲ್ಲುವುದಿಲ್ಲ. ಮನೆಮನೆಯಲ್ಲಿ ಸಿಗುವ ಈ ಗಿಡ ಅಲ್ಲಿ ಅಳಿವಿನಂಚಿನಲ್ಲಿದೆ. 1990ರ ದಶಕದಲ್ಲಿ ಸಿಮಪಾನ್ ಅಣೆಕಟ್ಟು ಬಂದಾಗ ಅದರ ನೆಲೆಯ ಒಂದು ಭಾಗ ನೀರಿನಡಿ ಹೋಯಿತು. ಇಂಗ್ಲಿಷಿನವರು ಇದನ್ನು ತಮಾಷೆಗೆ ಅತ್ತೆ ಕೂರುವ ಮಣೆ ಅನ್ನುತ್ತಾರೆ, ನಿಮ್ಮ ಮನೆಯಲ್ಲಿ ಹೇಳಬೇಡಿ.

ಕೆಂಪು ತಲೆಯದು ಒಂದರ ಮೇಲೊಂದು ಕಸಿ ಮಾಡಿದ ಎರಡು ಗಿಡ. ಮೇಲಿನದು ಪರಾಗ್ವೆ ಕಡೆಯ ಕಳ್ಳಿಯ ಹಸಿರಿಲ್ಲದ ರೂಪ, 1940ರ ದಶಕದಲ್ಲಿ ಜಪಾನಿನಲ್ಲಿ ಬೆಳೆಸಿದ್ದು. ಅದಕ್ಕೆ ತನ್ನ ಊಟ ತಾನು ಮಾಡಿಕೊಳ್ಳಲು ಬರುವುದಿಲ್ಲ. ಕೆಳಗಿನ ಮೂರು ಮೂಲೆಯ ಕಾಂಡ ಸಾಮಾನ್ಯವಾಗಿ ಡ್ರ್ಯಾಗನ್ ಫ್ರೂಟ್ ಜಾತಿಯದು, ಅದೇ ಇದಕ್ಕೂ ಉಣಿಸುತ್ತದೆ. ಕಾಂಡಕ್ಕೆ ನಿಮ್ಮ ಸೆಖೆ, ತೇವ ಎರಡೂ ಒಗ್ಗುತ್ತವೆ. ಮಳೆಗಾಲದಲ್ಲೂ ಮಣ್ಣು ಪೂರ್ತಿ ಒಣಗಿದಾಗ ಎರಡು ಚಮಚ ನೀರು ಕೊಡಬಹುದು. ತಲೆಗೆ ಮಾತ್ರ ನೀರು ತಾಗಿಸಬೇಡಿ, ಎರಡೂ ಸೇರಿದ ಕಡೆ ನೀರು ನಿಂತರೆ ಅಲ್ಲಿಂದಲೇ ಕೊಳೆಯುತ್ತದೆ. ಚೆನ್ನಾಗಿ ನೋಡಿಕೊಂಡರೂ ಇವು ಬಾಳುವುದು ಕೆಲವೇ ವರ್ಷ. ತಲೆ ಹೋದರೆ ನಿಮ್ಮ ತಪ್ಪು ಅಂತ ಕೊರಗಬೇಡಿ.

ಈಗ ಅತ್ತಿಗೆಯವರ ಸ್ಪ್ರೇ. ಮರುಭೂಮಿಯ ಕಳ್ಳಿ ಉಸಿರಾಡುವುದು ರಾತ್ರಿ. ಬೇರೆ ಗಿಡಗಳು ಹಗಲು ತಮ್ಮ ಸೂಕ್ಷ್ಮ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಕಳ್ಳಿ ಬಿಸಿಲಿನಲ್ಲಿ ಬಾಯಿ ಮುಚ್ಚಿ, ಕತ್ತಲಾದ ಮೇಲೆ ತೆರೆದು, ಎಳೆದುಕೊಂಡದ್ದನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು ಮರುದಿನ ಬಿಸಿಲಿಗೆ ಬಳಸುತ್ತದೆ. ಹಾಗಾಗಿ ಹಗಲಿನ ಒಣ ಗಾಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಯ ಮಧ್ಯಾಹ್ನದಲ್ಲೂ ಸ್ಪ್ರೇ ಬೇಡ, ನಿಮ್ಮ ಕರಾವಳಿ ಸೀಮೆಗಂತೂ ಬೇಡವೇ ಬೇಡ. ದಿನವಿಡೀ ಎಸಿ ಓಡುವ ಆಫೀಸಿನ ಮೇಜಿನ ಮೇಲಿಟ್ಟರೂ ಹೀಗೆಯೇ, ಅಲ್ಲಿ ಕೊರತೆ ಬೆಳಕಿನದು. ಸ್ಪ್ರೇ ಮಾಡಿದ ನೀರಿನಿಂದ ಗಾಳಿಯ ತೇವ ಏರುವುದು ಕೆಲವೇ ನಿಮಿಷ. ಹನಿಗಳು ಮಾತ್ರ ನೆತ್ತಿಯ ಉಣ್ಣೆಯಂಥ ಭಾಗದಲ್ಲಿ ಕೂತಿರುತ್ತವೆ. ಬೋರ್‌ವೆಲ್ ನೀರಾದರೆ ಬಿಳಿ ಸುಣ್ಣದ ಕಲೆ ಬೇರೆ. ತಟ್ಟೆಯಲ್ಲಿ ಬೆಣಚುಕಲ್ಲು, ನೀರು ಹಾಕಿ ಅದರ ಮೇಲೆ ಕುಂಡ ಇಡುವುದೂ ಈ ಎರಡು ಗಿಡಗಳಿಗೆ ಬೇಡ.

ಕ್ರಿಸ್ಮಸ್ ಕಳ್ಳಿಯ ಕಥೆ ಬೇರೆ. ಅದು ಬ್ರೆಜಿಲಿನ ರಿಯೊ ಡಿ ಜನೈರೊ ಹತ್ತಿರದ ಬೆಟ್ಟಗಾಡಿನದು. ನಿಮ್ಮ ಘಟ್ಟದ ಕಾಡಿನಲ್ಲಿ ಸೀತಾಳೆದಂಡೆ ಮರದ ಮೇಲೆ ಕೂರುವ ಹಾಗೆ ಅದೂ ಮರದ ಕೊಂಬೆಯ ಮೇಲೆ, ಪಾಚಿ, ಕೊಳೆತ ಎಲೆಗಳ ನಡುವೆ ಬೇರು ಬಿಡುತ್ತದೆ. ಸುತ್ತ ಮಂಜು, ನೆರಳು. ಅದಕ್ಕೆ 50ರಿಂದ 70ರ ಗಾಳಿ ಇಷ್ಟ, ಅದಕ್ಕಿಂತ ಜಾಸ್ತಿಯಾದರೂ ಗಾಳಿಯಾಡುತ್ತಿದ್ದರೆ ತೊಂದರೆಯಿಲ್ಲ. ಬೇಸಿಗೆಯ ಸೆಖೆಯಲ್ಲಿ ಬೆಳಿಗ್ಗೆ ಹೊತ್ತು ಅದರ ಮೇಲೆ ಮಳೆನೀರು ಸ್ಪ್ರೇ ಮಾಡಿದರೆ ತಪ್ಪಿಲ್ಲ. ಸ್ಪ್ರೇ ಬಾಟಲಿಯನ್ನು ಅತ್ತಿಗೆಯವರ ಕೈಯಲ್ಲೇ ಬಿಡಿ, ಆದರೆ ಆ ಒಂದು ಕುಂಡಕ್ಕೆ ಮಾತ್ರ ಅಂತ ಒಪ್ಪಂದ ಮಾಡಿಕೊಳ್ಳಿ. ಇದರ ಮಣ್ಣು ಬೇರೆ ಎರಡರ ಹಾಗೆ ಕಲ್ಲು ಕಲ್ಲಾಗಿರುವುದು ಬೇಡ. ಆರ್ಕಿಡ್‌ಗೆ ಹಾಕುವ ಮರದ ತೊಗಟೆ ಚೂರು, ಇದ್ದಿಲು, ಸ್ವಲ್ಪ ಕೋಕೊಪೀಟ್ ಸೇರಿಸಬಹುದು. ಪೂರ್ತಿ ಒಣಗಲು ಬಿಡಬೇಡಿ. ಅಕ್ಟೋಬರ್ ಬಂದ ಮೇಲೆ ಅದಕ್ಕೆ ದಿನಕ್ಕೆ 13–14 ಗಂಟೆ ಗಟ್ಟಿ ಕತ್ತಲೆ, ತಂಪು ರಾತ್ರಿ ಬೇಕು, ಆಗ ಮೊಗ್ಗು ಬರುತ್ತದೆ. ಚಾವಡಿಯಲ್ಲಿ ರಾತ್ರಿ ಹತ್ತರವರೆಗೆ ಲೈಟು, ಟಿವಿ ಇದ್ದರೆ ಅದು ಹಗಲು ಮುಗಿದೇ ಇಲ್ಲ ಅಂದುಕೊಳ್ಳುತ್ತದೆ. ಯಾರೂ ಓಡಾಡದ ಕೋಣೆಗೆ ಸಾಗಿಸಿ. ಮೊಗ್ಗು ಬಂದ ಮೇಲೆ ಮಾತ್ರ ಕುಂಡವನ್ನು ಅಲ್ಲಿಂದ ಇಲ್ಲಿಗೆ ತಿರುಗಿಸುತ್ತಿದ್ದರೆ ಉದುರಿಸುತ್ತದೆ. ಹೊಸ ಜಾಗಕ್ಕೆ ಹೊಂದಿಕೊಳ್ಳಲು ಅದಕ್ಕೆ ಬಹಳ ಕಷ್ಟ.

ಜಾಗದ ವಿಷಯ ಬೇಗ ಮುಗಿಸುತ್ತೇನೆ. ಹಳದಿ ಉಂಡೆ ಮತ್ತು ಕೆಂಪು ತಲೆಯನ್ನು ಒಸರುವ ಗೋಡೆಗೆ ತಾಗಿಸದೆ ಒಂದು ಗೇಣು ದೂರ ಇಡಿ. ಕುಂಡದ ಕೆಳಗೆ ಎರಡು ಹಂಚಿನ ಚೂರು ಕೊಟ್ಟರೆ ಅಡಿಯಿಂದಲೂ ಗಾಳಿಯಾಡುತ್ತದೆ. ಜಡಿಮಳೆ ಹಿಡಿದ ದಿನ ಟೇಬಲ್ ಫ್ಯಾನನ್ನು ಸಣ್ಣಗೆ ಎರಡು ಗಂಟೆ ತಿರುಗಿಸಿ. ನಿಂತ ಗಾಳಿಯ 90ಕ್ಕೂ ಆಡುವ ಗಾಳಿಯ 90ಕ್ಕೂ ಅಜಗಜಾಂತರ. ಅಡುಗೆಮನೆ, ಬಚ್ಚಲಿನ ಹತ್ತಿರ ಬೇಡ. ಮುಚ್ಚಳವಿರುವ ಗಾಜಿನ ಬಟ್ಟಲಲ್ಲಿ ಕಳ್ಳಿ ನೆಟ್ಟು ಉಡುಗೊರೆ ಕೊಡುವವರಿದ್ದಾರೆ. ತೆಗೆದುಕೊಳ್ಳಿ, ಮನೆಗೆ ಬಂದ ಕೂಡಲೇ ಗಿಡವನ್ನು ಹೊರಗೆ ತೆಗೆಯಿರಿ.

ಬುಡದಲ್ಲಿ ಕಂದು ಬಣ್ಣ ಕಂಡರೆ ಮೊದಲು ಬೆರಳಿನಿಂದ ಒತ್ತಿ. ಗಟ್ಟಿಯಾಗಿ, ಒಣ ಬೆಂಡಿನ ಹಾಗಿದ್ದರೆ ಅದು ವಯಸ್ಸು, ರೋಗವಲ್ಲ. ಮೆತ್ತಗಿದ್ದರೆ ಅದೇ ದಿನ ಕತ್ತರಿಸಬೇಕು. ಚಾಕುವನ್ನು ಸ್ಪಿರಿಟ್‌ನಿಂದ ಒರೆಸಿ, ತೆಳುವಾಗಿ ಹೋಳು ತೆಗೆಯುತ್ತಾ ಮೇಲೆ ಹೋಗಿ, ಪ್ರತಿ ಸಲವೂ ಚಾಕು ಒರೆಸಿ. ನಡುವಿನ ಉಂಗುರದಲ್ಲಿ ಕೆಂಪು–ಕಂದು ಚುಕ್ಕೆ ಒಂದೂ ಕಾಣದ ಬಿಳಿ ತಿರುಳು ಸಿಗುವವರೆಗೆ ನಿಲ್ಲಿಸಬೇಡಿ. ಗಾಯಕ್ಕೆ ಗಂಧಕದ ಪುಡಿ ಹಚ್ಚಿ, ಫ್ಯಾನಿನ ಗಾಳಿಗೆ ತಲೆಕೆಳಗಾಗಿ ಇಡಿ. ಬೇಸಿಗೆಯಾದರೆ ಹತ್ತು ದಿನದಲ್ಲಿ ಚರ್ಮ ಕಟ್ಟುತ್ತದೆ, ಮಳೆಗಾಲದಲ್ಲಿ ತಿಂಗಳಾದರೂ ಕಾಯಬೇಕು. ಉಂಡೆ ಕಳ್ಳಿಗಳಲ್ಲಿ ಇದು ಫಲಿಸುವುದು ಕಡಿಮೆ. ಆದರೂ ಎಸೆಯುವ ಮೊದಲು ಪ್ರಯತ್ನ ಮಾಡಿ ನೋಡಬಹುದು.

ಕೊಳೆತ ಗಿಡದ ಜಾಗಕ್ಕೆ ಹೊಸದು ತರುವುದಾದರೆ ಮೆಲೊಕ್ಯಾಕ್ಟಸ್ ಕೇಳಿ. ತಲೆಯ ಮೇಲೆ ಕೆಂಪು ಟೋಪಿ ಇಟ್ಟಂತೆ ಕಾಣುವ ಉಂಡೆ. ಅದರಲ್ಲಿ ಕೆಲವು ಜಾತಿಗಳು ಕೆರಿಬಿಯನ್ ದ್ವೀಪಗಳಲ್ಲೂ ಬ್ರೆಜಿಲಿನ ಕಡಲತೀರದಲ್ಲೂ ಸಮುದ್ರದ ಗಾಳಿಗೇ ಬೆಳೆಯುತ್ತವೆ. ಚಳಿ ಆಗದು, ಸೆಖೆ ಆದೀತು. ಮಣ್ಣಿನ ನಿಯಮ ಮಾತ್ರ ಅದಕ್ಕೂ ಅದೇ.

ಮತ್ತೆ ನೀರು ಶುರು ಮಾಡುವುದು ಯಾವಾಗ? ಸೆಪ್ಟೆಂಬರ್ ಕೊನೆಯಲ್ಲೋ ಅಕ್ಟೋಬರ್‌ನಲ್ಲೋ, ನಿಮ್ಮ ಉಪ್ಪಿನ ಭರಣಿಯಲ್ಲಿ ಚಮಚ ಅಂಟದೆ ಸಲೀಸಾಗಿ ಇಳಿಯಲು ಶುರುವಾದ ಮೇಲೆ ಒಂದು ವಾರ ಬಿಡಿ. ಮೊದಲು ಕಾಲು ಲೋಟ, ಸಂಜೆ ಹೊತ್ತು, ಬುಡದ ಸುತ್ತ. ಅದೇ ದಿನ ಅಂಗಳದ ಬಿಸಿಲಿಗೆ ತಂದಿಡಬೇಡಿ. ನಾಲ್ಕು ತಿಂಗಳು ಮಬ್ಬಿನಲ್ಲಿದ್ದ ಚರ್ಮ ಒಂದೇ ಮಧ್ಯಾಹ್ನಕ್ಕೆ ಸುಟ್ಟು ಬಿಳಿಚಿಕೊಳ್ಳುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ಮೊದಲ ವಾರ ಬೆಳಗಿನ ಎರಡು ಗಂಟೆ ಬಿಸಿಲು, ಮುಂದಿನ ವಾರ ನಾಲ್ಕು ಗಂಟೆ.